ಗೋಡೆ ಕಡೆಯ ಪಟ್ಟಿ

ನಮ್ಮ ಸುಶೀಲಳ ಅವ್ವನಿಗೆ,

"ಕೇಳುವಂಥವಳಾಗು!" ಅಂತ ನಾನು ನಡುಮನೆಯಲ್ಲಿ ನಿಂತು ಸ್ಟೇಜಿನ ದನಿಯಲ್ಲಿ ಶುರುಮಾಡಿದರೆ, ನೀನು ಒಲೆ ಮುಂದಿನಿಂದಲೇ "ಮನೇಲಿ ನಾಟ್ಕ ಬ್ಯಾಡ" ಅನ್ನುತ್ತಿದ್ದೆ. ಸರಿ ಬುಡು, ಮೆತ್ತಗೆ ಹೇಳ್ತೀನಿ. ಈಗ ಗಂಟಲು ಹರಿದುಕೊಂಡರೂ ಬ್ಯಾಡ ಅನ್ನುವವರು ಈ ಮನೆಯಲ್ಲಿ...

ನಿನ್ನ ಮದುವೆಯ ಮಂಚ ಬಂದ ದಿನ ನೆನಪಿದೆಯಾ? ಪಾಂಡವಪುರದಿಂದ ನಿಮ್ಮಪ್ಪ ಎತ್ತಿನ ಗಾಡಿಯಲ್ಲಿ ಕಳಿಸಿದ್ದರು. ಕಾಲು ಬೇರೆ, ಹಲಗೆ ಹೊರುವ ಪಟ್ಟಿ ಬೇರೆ. ಉದ್ದದ ಪಟ್ಟಿಯ ತುದಿಗಿದ್ದ ಕಬ್ಬಿಣದ ಕೊಕ್ಕೆಯನ್ನು ಕಾಲಿನ ಸೀಳಿಗೆ ಇಳಿಸಿ ಒತ್ತಿದರೆ, ಟಕ್! ನೀನು ಹೋದ ಮೇಲೆ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಜಗಲಿಯ ಮೇಲೆ ಚಾಪೆ ಹಾಸಿಕೊಂಡೆ. ಒಬ್ಬನಿಗೆ ಅಷ್ಟಗಲ ಯಾಕೆ?

ಯುಗಾದಿ ಕಳೆದ ಮೇಲೆ ನಾಗಮಂಗಲದಿಂದ ಸುದ್ದಿ ಬಂತು: ಸುಶೀಲ ಬಸುರಿ! ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು ಅಂತ ನೀನು ಎಷ್ಟು ಸಲ ಹೇಳಿರಲಿಲ್ಲ? ಆದರೆ ಅವಳ ಅತ್ತೆ, "ಎಂಗಸಿಲ್ದ ಮನೆಗೆ ಎಂಗೆ ಕಳ್ಸದು? ಬಂದು ನೋಡ್ಕಂಡು ಏಳ್ತೀನಿ" ಅಂದರಂತೆ. ಮಂಚ ಇಳಿಸಿದೆ. ಒಂದು ಪಟ್ಟಿಯ ಕೊಕ್ಕೆ ಸಡಿಲ; ಇನ್ನೊಂದರ ತುದಿಯನ್ನೇ ಗೆದ್ದಲು ತಿಂದಿತ್ತು.

ಸಡಿಲವಾದದ್ದಕ್ಕೆ ಎಂಥ ಶೃಂಗಾರ ಮಾಡಿದೆ ಅಂತೀಯ! ಹಳೆಯ ತೂತುಗಳಿಗೆ ಬೆಣೆ ಬಡಿದು, ಹೊಸ ಸ್ಕ್ರೂ ತಿರುಗಿಸಿ, ವಾರ್ನಿಷು ಬಳಿದು, ಎದುರಿಗೆ ಕಾಣುವಂತೆ ಜೋಡಿಸಿದೆ. ಗೆದ್ದಲು ತಿಂದದ್ದನ್ನು ಗೋಡೆ ಕಡೆಗೆ ಹಾಕಿ, ತೆಂಗಿನ ಹಗ್ಗದಲ್ಲಿ ಕಾಲಿಗೆ ಬಿಗಿದೆ. ನಮ್ಮ ನಾಟಕದ ಸ್ಟೇಜಿನ ಸಿಂಹಾಸನಗಳಿಗೆಲ್ಲ ನಾನು ಹಾಗೇ ತಾನೇ ಮಾಡಿದ್ದು? ಪರದೆ ಕಡೆ ಗ್ಯಾಸ್‌ಲೈಟೇ ಬೀಳಲ್ಲ, ನೋಡುವವರು ಯಾರು?

ಬೀಗಿತ್ತಿ ಸುಶೀಲಳನ್ನು ಕರೆದುಕೊಂಡು ಬಂದವರು, ಎದುರಿನ ಪಟ್ಟಿ ಸವರಿ ತಲೆದೂಗಿದರು. ನಾನು ಎದೆಯುಬ್ಬಿಸಿದೆ. "ಮಗೀನ ಗೋಡೆ ಕಡೀಕೆ ಮಲಗ್ಸದು" ಅನ್ನುತ್ತಾ ಮಂಚ ಹತ್ತಿ ಆಚೆಗೆ ಸರಿದು ಕೂತರು ನೋಡು! ಹಗ್ಗ ಜಾರಿತು, ಹಲಗೆ ಮೇಲೆದ್ದಿತು, ಬೀಗಿತ್ತಿ ಗೋಡೆಗೂ ಮಂಚಕ್ಕೂ ನಡುವೆ!

"ಪೆಟ್ಟಾಯ್ತಾ ತಾಯಿ?"

"ಪೆಟ್ಟಿರ್ಲಿ, ಮೊದ್ಲು ಎತ್ರೀ! ಮುಂದ್ಗಡೆ ಅರಮನೆ, ಇಂದ್ಗಡೆ ಗುಡ್ಲು! ನಂಗೇ ಇಂಗಾದ್ರೆ ಎಳೆ ಮಗೀನ ಗತಿ ಏನ್ ಬೀಗ್ರೇ?"

ಸುಶೀಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅಳೋಕೆ ಶುರುಮಾಡಿದಳು.

ಬೀಗಿತ್ತಿ ಕೆಟ್ಟವರಲ್ಲ. ಸೀರೆ ಕೊಡವಿಕೊಂಡು, "ಬ್ಯಾಸ್ರ ಮಾಡ್ಕಬ್ಯಾಡಿ. ನೀವೊಬ್ರೇ ಏನ್ ಮಾಡೀರಿ? ಬಾಣಂತನ ನಮ್ಮನೇಲೇ ಆಗ್ಲಿ" ಅಂದರು. ಜಾರಿದ ಹಗ್ಗ ಸುತ್ತಿಕೊಳ್ಳುತ್ತಾ ಕೂತೆ ಕಣಮ್ಮಿ. ಮಾತು ಎತ್ತಿಕೊಡೋಕೆ ಪಕ್ಕದಲ್ಲಿ ನೀನೂ ಇರಲಿಲ್ಲ. ಬಸ್ಸು ಹತ್ತುವಾಗ ಮಗಳು ನನ್ನ ಕೈ ಬಿಡಲಿಲ್ಲ. "ಅಪ್ಪ, ನಾನಂತೂ ಬರಂಗಿಲ್ಲ. ಅವ್ವನ ಮಂಚನಾದ್ರೂ ಕಳ್ಸು."

ಕಳಿಸದೇ ಇರ್ತೀನಾ? ಕೆಟ್ಟ ತುದಿಯನ್ನು ಕೊಯ್ದು ಹಾಕಿದೆ. ಹಳೆಯ ಬಾಗಿಲಿನ ಗಟ್ಟಿ ಮರ ತಂದು, ಎರಡರ ತುದಿಯನ್ನೂ ಅರ್ಧ ದಪ್ಪಕ್ಕೆ ಕೆತ್ತಿ ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ, ಒಣಗುವವರೆಗೆ ಕಾದೆ. ಎದುರಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು ಅಳತೆಗೆ ಗುರುತು ಮಾಡಿಕೊಂಡು, ಅದೇ ಎತ್ತರಕ್ಕೆ ಕೊಕ್ಕೆ ಬಿಗಿದೆ. ಕೊಕ್ಕೆಯ ಬಾಯಿ ಕೆಳಕ್ಕೆ, ಭಾರ ಬಿದ್ದಷ್ಟೂ ಬಿಗಿಯಬೇಕು. ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ, ನಾಗಮಂಗಲದ ಅವರ ಕೋಣೆಯಲ್ಲಿ ಜೋಡಿಸಿದೆ. ಬೀಗಿತ್ತಿ ನೆಟ್ಟಗೆ ಗೋಡೆ ಕಡೆಗೇ ಹೋಗಿ ಕೂತರು. ಕೂದಲೆಳೆಯಷ್ಟೂ ಅಲುಗಲಿಲ್ಲ. "ಇದ್ದೋಗಿ ಬೀಗ್ರೇ" ಅಂದರು. ಹೆಣ್ಣು ಕೊಟ್ಟ ಮನೆಯಲ್ಲಿ ಎಷ್ಟು ಹೊತ್ತು ಇರೋಕಾಯ್ತದೆ? ಸಂಜೆ ಬಸ್ಸಿಗೆ ನಮ್ಮೂರು ಗಂಜಾಂಗೆ ಬಂದ್ಬುಟ್ಟೆ.

ಇವತ್ತು ಅಳಿಯ ಹೇಳಿಕಳಿಸಿದ್ದಾರೆ. ಹೆಣ್ಣು ಮಗು, ಕಣಮ್ಮಿ! ತಾಯಿ ಮಗು ಇಬ್ಬರೂ ನಿನ್ನ ಮಂಚದ ಮೇಲೆ ಸುಖವಾಗಿದ್ದಾರಂತೆ. ಕೂಸು ಅತ್ತರೆ ಬೀದಿಯ ಆ ತುದಿಗೂ ಕೇಳಿಸುತ್ತದಂತೆ.

ಇಲ್ಲಿಗೆ ಕೇಳಿಸಲ್ಲ. ಆದರೂ ಬಾಗಿಲು ಹಾಕದೆ ಕೂತಿದ್ದೀನಿ.