ಗೋಡೆಯ ಮೇಲೆ ಮೂವರು

ಮುನಿಸಿನ ಮನದನ್ನೆಗೆ,

ಹಳೆಯ ಪ್ರೊಜೆಕ್ಟರ್ ತೂಗುಹಾಕಲು ನಿನ್ನ ಮಂಚವನ್ನು ಅಡುಗೆಮನೆಗೆ ದೂಡಿದ್ದು ನನ್ನದೇ ತಪ್ಪು. ನೀನು ಅಕ್ಕನ ಮನೆಗೆ ಹೋದ ಮೇಲೆ ನಾನು ಕೂತಲ್ಲಿ ಕೂತಿಲ್ಲ.

ಯಂತ್ರದ ಮೂರು ಕಣ್ಣುಗಳಿಂದ ಬರುವ ಕೆಂಪು, ಹಸಿರು, ನೀಲಿ ಬಿಂಬಗಳು ಗೋಡೆಯ ಮೇಲೆ ಒಂದಾಗಬೇಕು, ಇಲ್ಲದಿದ್ದರೆ ಒಂದೇ ಚಿತ್ರ ಮೂರಾಗಿ ಕಾಣುತ್ತದೆ. ಅರ್ಧ ಗಂಟೆ ಬಿಸಿಯಾದರೆ ಯಂತ್ರ ನೆಲೆ ನಿಲ್ಲುತ್ತದೆ. ನೀನು ಬಿಸಿಯಾದರೆ ಬಸ್ಸು ಹತ್ತುತ್ತೀಯ!

ಗೋಡೆತುಂಬ ಗೆರೆಚೌಕದ ಪರೀಕ್ಷಾ ಚಿತ್ರ ಹಾಕಿ ಹೊಂದಿಸುವ ಬದಲು ನಮ್ಮ ಮದುವೆಯ ವಿಡಿಯೊ ನಿಲ್ಲಿಸಿ, ನಿನ್ನ ಮುಖಕ್ಕೇ ಹೊಂದಿಸಿದೆ. ನೀನು ಸ್ಫುಟವಾದೆ, ಪಕ್ಕದಲ್ಲಿದ್ದ ನನಗೆ ಮೂರು ಮೂಗು. “ಒಂದು ಮೂಗನ್ನೇ ಎಲ್ಲದರಲ್ಲೂ ತೂರಿಸ್ತೀರಿ, ಇನ್ನು ಮೂರು ಬೇರೆ!” ಅಂತೀಯಲ್ಲ, ಗೊತ್ತು.

ಇವತ್ತು ಯಂತ್ರವನ್ನು ಪಡಸಾಲೆಗೆ ಸಾಗಿಸಿ, ಮಂಚವನ್ನು ಕೋಣೆಗೆ ತಂದೆ. ಹೊಂದಾಣಿಕೆಯೆಲ್ಲ ಕೆಟ್ಟು, ಗೋಡೆಯ ಮೇಲೆ ನೀನೂ ಮೂವರಾಗಿದ್ದೀಯ. ಮೂವರಲ್ಲಿ ಒಬ್ಬರಾದರೂ ಭಾನುವಾರ ಬಂದುಬಿಡಿ.

ಏಣಿಯ ಮೇಲಿಂದ,
ನಿನ್ನ ಗಂಡ