ಸುಣ್ಣದ ಬೊಟ್ಟಿನ ಸೌತೆಕಾಯಿ

ಮಾವ,

ನಿಮ್ಮ ಬೀಜದ ಸೌತೆಕಾಯಿ ಕೊಯ್ದ ಅಳಿಯನ ನಮಸ್ಕಾರಗಳು. ಶಿವಮೊಗ್ಗದ ಗೋಪಾಳದ ನಮ್ಮ ಮನೆಯ ಹಿತ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ನೀವಿದ್ದಾಗ ಆಡಬೇಕಾಗಿದ್ದ ಒಂದು ಮಾತು ಉಳಿದುಬಿಟ್ಟಿದೆ. ಜೊತೆಗೊಂದು ಸುದ್ದಿಯೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ, ನನ್ನ ಚಟ ನಿಮಗೆ ಗೊತ್ತಲ್ಲ.

ಮದುವೆಯಾದ ವರ್ಷದ ಗೌರಿ ಹಬ್ಬ ನೆನಪಿದೆಯಾ? ಸರೋಜಳನ್ನು ಕರೆದುಕೊಂಡು ಭದ್ರಾವತಿಯ ನಿಮ್ಮ ಕ್ವಾರ್ಟರ್ಸ್‌ಗೆ ಬಂದಿದ್ದೆ. ನೀವು ಬೆಳಗಿನ ಶಿಫ್ಟಿಗೆ ಹೋಗಿದ್ದಿರಿ. ಅತ್ತೆ ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿ, ಸೌತೆಕಾಯಿ ತರಿಸಬೇಕು ಅನ್ನುತ್ತಾ ಹೂ ಕಟ್ಟಲು ಕೂತರು. ನಾನು ಹಿತ್ತಿಲಿಗೆ ಹೋದೆ. ಚಪ್ಪರದ ಬಳ್ಳಿ ಒಣಗುತ್ತಾ ಬಂದಿತ್ತು. ಒಂದೇ ಒಂದು ಕಾಯಿ ಹೊಟ್ಟೆಯ ಮೇಲೆ ಸುಣ್ಣದ ಬೊಟ್ಟು ಇಟ್ಟುಕೊಂಡು ತೂಗುತ್ತಿತ್ತು. ನಮ್ಮೂರಲ್ಲಿ ಕಾಯಿಗೆ ಸುಣ್ಣ ಹಚ್ಚುವುದು ದೃಷ್ಟಿ ತಾಗದಿರಲಿ ಅಂತ. ನಿಮ್ಮಲ್ಲಿ ಅದು ಬೀಜಕ್ಕೆ ಬಿಟ್ಟ ಗುರುತು ಅಂತ ನನಗೇನು ಗೊತ್ತು? ಹೊಸ ಅಳಿಯನ ಉತ್ಸಾಹ ಬೇರೆ. ಕಿತ್ತು ತಂದು, ನಾನೇ ಹೆಚ್ಚಿ, ಬೇಳೆಗೆ ಬೆರೆಸಿಯೂ ಬಿಟ್ಟೆ. ಅತ್ತೆ ಬಂದು ನೋಡಿ ಹಣೆ ಒತ್ತಿಕೊಂಡರು. ಪಾಪ, ತಲೆನೋವು ಅಂದುಕೊಂಡೆ.

ಎಲೆಯ ಮುಂದೆ ಕೂತ ನೀವು ಕೋಸಂಬರಿ ಬಾಯಿಗಿಟ್ಟವರೇ ಅಗಿಯುವುದನ್ನು ನಿಲ್ಲಿಸಿ ಕಿಟಕಿಯಾಚೆ ಚಪ್ಪರ ನೋಡಿದಿರಿ. ಅತ್ತೆ ಏನೋ ಹೇಳಹೊರಟರು.

"ಸುಮ್ನಿರೆ ಮಾರಾಯ್ತಿ" ಅಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ಅಳಿಯಂದ್ರೇ, ತೊಟ್ಟು ಉಜ್ಜಿ ಕಹಿ ತೆಗೆದ್ರಾ?"

"ಅಯ್ಯೋ, ಮರೆತೆ ಮಾವ."

"ಇರ್ಲಿ ಬಿಡಿ. ಇದು ಉಜ್ಜದಿದ್ರೂ ಕಹಿಯಾಗಲ್ಲ. ಇನ್ನೊಂಚೂರು ಹಾಕಿಸ್ಕೊಳ್ಳಿ."

ಶಿವಮೊಗ್ಗದ ಬಸ್ಸು ಹತ್ತಿದ ಮೇಲೆ ಸರೋಜ ಬಾಯಿಬಿಟ್ಟಳು. "ರೀ, ಅದು ನಮ್ಮಜ್ಜಿ ಕೊಟ್ಟ ಬೀಜದ್ದು. ಅಪ್ಪ ಕಾರ್ಖಾನೆ ಕೆಲಸಕ್ಕೆ ಅಂತ ಊರು ಬಿಟ್ಟಾಗ ಸೆರಗಿನ ಗಂಟಿಂದ ಬಿಚ್ಚಿ ಕೊಟ್ಟಿದ್ರಂತೆ. ಪ್ರತಿ ವರ್ಷ ಕೊನೇ ಕಾಯಿ ಬೀಜಕ್ಕೆ. ನೀವು ಕೋಸಂಬರಿ ಮಾಡಿದ್ರಿ."

"ಹಳೇ ಬೀಜ ಇರಬೇಕಲ್ವಾ?"

"ಇದ್ದಿದ್ದನ್ನೆಲ್ಲ ಈ ಮಳೆಗೇ ಹಾಕಿದ್ರು."

ಮುಂದಿನ ಮಳೆಗಾಲದಿಂದ ನೀವು ಅಂಗಡಿಯ ಪ್ಯಾಕೆಟ್ ಬೀಜ ಹಾಕಿದಿರಿ. ಒಂದು ಹೋಳು ಕಚ್ಚಿ, "ನೀರು, ಬರೀ ನೀರು" ಅನ್ನುತ್ತಿದ್ದಿರಿ. ಆಗೆಲ್ಲ "ತಪ್ಪಾಯ್ತು ಮಾವ" ಅನ್ನುವ ಬದಲು ಇನ್ನೊಂದು ಹೋಳಿಗೆ ಕೈ ಚಾಚುತ್ತಿದ್ದೆ. ನೀವೂ ಯಾರ ಹತ್ತಿರವೂ ಆಡಲಿಲ್ಲ. ಅಳಿಯನ ಮರ್ಯಾದೆ ಹೋದೀತು ಅಂತ ತಾನೆ?

ಹೋದ ವರ್ಷ ನಿಮ್ಮ ವರ್ಷದ ಕಾರ್ಯದ ದಿನ, ಊಟ ಮುಗಿಸಿ ಎಲ್ಲರೂ ಕೂತಿದ್ದಾಗ, ಅದೇನಾಯಿತೋ, ಈ ಕಥೆ ಹೇಳಿಬಿಟ್ಟೆ. ನಕ್ಕರು, ಕಣ್ಣೂ ಒರೆಸಿಕೊಂಡರು. ಆಗ ಎದ್ದವರು ನಿಮ್ಮನ್ನು ಅಣ್ಣ ಅನ್ನುತ್ತಿದ್ದ ಕನಕಮ್ಮ, ನಿಮ್ಮ ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದು ನಮ್ಮ ಮದುವೆಗೆ ಮುಂಚೆಯೇ ಶಿವಮೊಗ್ಗದ ಹೊಸಮನೆಗೆ ಹೋದವರು.

"ಅಯ್ಯೋ ಅಳಿಯ! ಆ ಬೀಜ ನಮ್ಮನೇಲಿ ಇದೆಯಲ್ಲಪ್ಪ! ಮನೆ ಖಾಲಿ ಮಾಡೋವಾಗ ಅಣ್ಣನೇ ಒಂದು ಹಿಡಿ ಕೊಟ್ಟಿದ್ರು. ವರ್ಷಾ ವರ್ಷಾ ತಾರಸಿ ಮೇಲೆ ಕುಂಡದಲ್ಲಿ ಹಾಕ್ತೀನಿ. ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ತಂದುಕೊಡ್ತಿರಲಿಲ್ವಾ?"

ಹೇಳಿದ್ದರೆ. ನೀವು ನನ್ನ ಮಾನ ಕಾಯಲು ಸುಮ್ಮನಿದ್ದಿರಿ, ನಾನು ನಾಚಿಕೆಗೆ ಸುಮ್ಮನಿದ್ದೆ. ಅಷ್ಟೂ ವರ್ಷ ನಿಮ್ಮಮ್ಮನ ಸೌತೆಕಾಯಿ ನಮ್ಮ ಮನೆಯಿಂದ ಒಂದು ಆಟೋ ದೂರದಲ್ಲಿ ಕಾಯಿ ಬಿಡುತ್ತಿತ್ತು, ಮಾವ. ಒಂದೇ ಒಂದು ಸಲ ನೀವು ತಿನ್ನಬಹುದಿತ್ತು. ತಪ್ಪಾಯಿತು.

ಈಗ ಸುದ್ದಿ. ಕನಕಮ್ಮ ಕೊಟ್ಟ ಬೀಜ ಈ ಮಳೆಗೆ ನಮ್ಮ ಹಿತ್ತಿಲಲ್ಲಿ ಹಬ್ಬಿದೆ. ಮೊದಲ ಕಾಯಿಯನ್ನು ತೊಟ್ಟು ಉಜ್ಜದೆಯೇ ತಿಂದೆ. ಕಹಿಯಿರಲಿಲ್ಲ. ಕೊನೆಯ ಕಾಯಿಗೆ ನನ್ನ ಬೆರಳಿಂದಲೇ ಸುಣ್ಣದ ಬೊಟ್ಟಿಟ್ಟು, ಪಕ್ಕಕ್ಕೆ 'ಬೀಜಕ್ಕೆ' ಅಂತ ರಟ್ಟಿನ ಬೋರ್ಡೂ ನೇತುಹಾಕಿದ್ದೇನೆ.

"ಬೋರ್ಡ್ ಯಾರಿಗ್ರೀ?" ಅಂತ ಸರೋಜ ನಗುತ್ತಾಳೆ. "ಈ ಮನೇಲಿ ಕಳ್ಳ ಒಬ್ಬನೇ."

ಇವತ್ತು ಗೌರಿ ಹಬ್ಬ. ಅತ್ತೆ ಬಂದಿದ್ದಾರೆ, ಬೇಳೆ ನೆನೆದಿದೆ. ಚಪ್ಪರದಲ್ಲಿ ಒಂದೇ ಕಾಯಿ ತೂಗುತ್ತಿದೆ.

ಕೋಸಂಬರಿಗೆ ಮಾರ್ಕೆಟ್ಟಿನಿಂದ ತಂದಿದ್ದೇನೆ, ಮಾವ.

ನಿಮ್ಮ ಅಳಿಯ