ಟರ್ಕಿ ಉಂಡೆ ಮತ್ತು ನನ್ನ ಮೂಗು

ಫೆಬ್ರವರಿ 4, ಮಂಗಳವಾರ. ಸಂಜೆ 6.35

ಟ್ರೇ ಒಳಗೆ ಹೋಯ್ತು. ಇಪ್ಪತ್ತು ಉಂಡೆ. ಇನ್ನೂರು ಡಿಗ್ರಿ. ಇನ್ನು ಇಪ್ಪತ್ತೆರಡು ನಿಮಿಷ ಈ ಸ್ಟೂಲು ನನ್ನದು.

ಮಂಗಳವಾರ ಅಂದರೆ ಟರ್ಕಿ ಕೋಳಿಯ ಮೀಟ್‌ಬಾಲ್. ಇವರ ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ಡಾಕ್ಟರ್ ಹೇಳಿದ ಮೇಲೆ ಮನೇಲಿ ಬೇರೆ ಮಾಂಸ ಬಂದ್. ಅರ್ಧ ಕೆಜಿ ಖೀಮಾ, ಒಂದು ಮೊಟ್ಟೆ, ಹಾಲಲ್ಲಿ ನೆನೆಸಿದ ಬ್ರೆಡ್ ಪುಡಿ, ತುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಉಪ್ಪು. ಕಲಸು, ಉಂಡೆ ಕಟ್ಟು, ಓವನ್‌ಗೆ ತಳ್ಳು. ಖೀಮಾ ಡಬ್ಬಿ ಮೇಲೇ ಬರೆದಿದ್ದಾರೆ, ಬಲು ಸುಲಭ ಅಂತ. ಕೊನೇ ಸಾಲು — "ಘಮ ಬರುತ್ತಿದ್ದಂತೆ ಹೊರತೆಗೆಯಿರಿ."

ಘಮವಂತೆ.

ಜ್ವರ ಬಿಟ್ಟು ಹತ್ತೊಂಬತ್ತು ದಿನ. ಮೂಗಿಗೆ ಏನಂದ್ರೆ ಏನೂ ಬರ್ತಿಲ್ಲ. ಈರುಳ್ಳಿ ತುರಿದರೆ ಕಣ್ಣಲ್ಲಿ ನೀರು ಬರುತ್ತೆ, ವಾಸನೆ ಇಲ್ಲ. ನಾಲಿಗೆಗೆ ಉಪ್ಪು ಕೂಡ ಅರೆಬರೆ. ಕಿವಿ-ಮೂಗಿನ ಡಾಕ್ಟರ್ ಹತ್ರ ಒಬ್ಬಳೇ ಹೋಗಿ ಬಂದೆ. ವಾರದಲ್ಲಿ ಬರಬಹುದು, ವರ್ಷ ಆಗಬಹುದು, ಬರದೆಯೂ ಇರಬಹುದು ಅಂದರು. ಇಷ್ಟು ಹೇಳೋಕೆ ಅಷ್ಟು ಓದಬೇಕಿತ್ತಾ...

ಮನೇಲಿ ಹೇಳಿಲ್ಲ. ಇವರಿಗೆ ಹೇಳಿದರೆ, ನಾಳೇನೇ ಫ್ಯಾಕ್ಟರೀಲೂ ಹೇಳಿಬಿಡು ಅಂತಾರೆ. ಹದಿನಾರು ವರ್ಷದಿಂದ ಸೋಪಿನ ಫ್ಯಾಕ್ಟರಿಯಲ್ಲಿ ಮೂಸೋದೇ ನನ್ನ ಕೆಲಸ. ಒಂದೊಂದು ಬ್ಯಾಚಿಗೂ ಕಾಗದದ ಪಟ್ಟಿ ಅದ್ದಿ ಮೂಸಬೇಕು, ಸರಿ ಇದ್ದರೆ ಸಹಿ. ಅಲ್ಲಿ ನನ್ನನ್ನ ಕರೆಯೋದೇ 'ಮೂಗು' ಅಂತ. ಮೂಗು ಬಂದರಾ, ಮೂಗು ಊಟಕ್ಕೆ ಹೋದರಾ. ಆ ಮೂಗಿಗೇ ಮೂಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ.

ಟೈಮರ್ ಹೊಡ್ಕೊಳ್ತಿದೆ.

ಫೆಬ್ರವರಿ 6, ಗುರುವಾರ. ಬೆಳಗ್ಗೆ 6.10

ಇಷ್ಟು ದಿನ ಪಕ್ಕದ ಟೇಬಲ್ಲಲ್ಲಿ ಮೂಸೋ ಕನ್ನಡಕದ ಮೇಡಂ ಮುಖ ನೋಡಿ ಬದುಕಿದೆ. ಅವರು ಮುಖ ಸಿಂಡರಿಸಿದರೆ ನಾನೂ. ಅವರು ತಲೆ ಆಡಿಸಿದರೆ ನನ್ನ ಸಹಿ. ನಿನ್ನೆ ಮೇಡಂ ರಜ. ಆರು ಬ್ಯಾಚ್ ಬಂತು. ಪಟ್ಟಿ ಮೂಗಿನ ಕೆಳಗೆ ಹಿಡಿದು, ಯೋಚನೆ ಮಾಡೋಳ ಹಾಗೆ ಕಣ್ಣು ಮುಚ್ಚಿ, ಆರಕ್ಕೂ ಸಹಿ ಹಾಕಿದೆ. ಒಂದಕ್ಕೂ ಹಿಂಜರಿಯಲಿಲ್ಲ. ಅದಕ್ಕೇ ಈಗ ನನ್ನ ಮೇಲೇ ಸಿಟ್ಟು.

ಡಬ್ಬಿ ಕಟ್ಟಬೇಕು. ಮಗಳು ಇನ್ನೂ ಎದ್ದಿಲ್ಲ.

ಫೆಬ್ರವರಿ 11, ಮಂಗಳವಾರ. ರಾತ್ರಿ 8.00

ಉಪ್ಪು ಎರಡು ಸಲ ಬಿತ್ತು ಅಂತ ಕಾಣುತ್ತೆ. ಗೊತ್ತಾಗಲಿಲ್ಲ. ಮಗಳು ಮೂರು ಲೋಟ ನೀರು ಕುಡಿದಳು. ಇವರು ಬ್ರೆಡ್ಡಿಗೆ ಒತ್ತಿ ಒತ್ತಿ ನುಂಗಿದರು, ಕಣ್ಣು ತಟ್ಟೆ ಬಿಟ್ಟು ಮೇಲೆ ಬರಲಿಲ್ಲ. ಅತ್ತೆ ಮಾತ್ರ ಮೆಲ್ಲಗೆ ಅಂದರು, ಉಪ್ಪು ಸ್ವಲ್ಪ ಜಾಸ್ತಿ ಆಯ್ತು ಕಣಮ್ಮ ಅಂತ. ಅಷ್ಟೇ ಅಂದಿದ್ದು. ಸರಿಯಾಗೇ ಅಂದಿದ್ದು.

ನನಗೆ ಸಿಟ್ಟು ಎಲ್ಲಿತ್ತೋ.

"ಒಂಬತ್ತು ಗಂಟೆ ದುಡಿದು ಬಂದು ನಿಂತ ಕಾಲಲ್ಲಿ ಮಾಡಿದ್ದೀನಿ. ಬೇಡದಿದ್ದರೆ ಬಿಡಿ. ಇನ್ಮೇಲೆ ನನ್ನ ಅಡುಗೆಗೆ ಯಾರೂ ಹೆಸರಿಡಬೇಡಿ."

ಎಪ್ಪತ್ನಾಲ್ಕು ವರ್ಷದ ಹೆಂಗಸು. ತಲೆ ಬಗ್ಗಿಸಿ, ತಟ್ಟೇಲಿದ್ದ ಎರಡು ಉಂಡೆನೂ ಮುಗಿಸಿ, ತಟ್ಟೆ ತೊಳೆದಿಟ್ಟು ರೂಮಿಗೆ ಹೋದರು. ಮಗಳು ನನ್ನನ್ನ ನೋಡಿದ ನೋಟ... ನಾನು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಒಂದು ಲೋಟ ಸೊಟ್ಟಗಾಯ್ತು.

ಫೆಬ್ರವರಿ 19, ಬುಧವಾರ. ಬೆಳಗ್ಗೆ 7.15. ಆಸ್ಪತ್ರೆ ಕಾರಿಡಾರ್

ಪ್ಲಾಸ್ಟಿಕ್ ಕುರ್ಚಿ. ಔಷಧಿ ಚೀಟಿಯ ಹಿಂದೆ ಬರೀತಿದ್ದೀನಿ. ಮನೆಗೆ ಹೋದ ಮೇಲೆ ಅಂಟಿಸಬೇಕು.

ಭಾನುವಾರ ತಂದ ಖೀಮಾ. ಫ್ರಿಜ್ ಬಾಗಿಲಿಗೆ ಬಾಟಲಿ ಕುತ್ತಿಗೆ ಅಡ್ಡ ಬಂದು ಸರಿಯಾಗಿ ಮುಚ್ಚಿಲ್ಲ, ಎರಡು ದಿನ. ನಿನ್ನೆ ನೋಡಿದೆ ನಾನು. ಹಾಲು ಒಡೆದಿತ್ತು, ಚೆಲ್ಲಿದೆ. ಖೀಮಾ ಕಣ್ಣಿಗೆ ಚೆನ್ನಾಗೇ ಇತ್ತು. ಮೂಗಿದ್ದೋರು ಯಾರಾದರೂ ಡಬ್ಬಿ ತೆಗೆದ ತಕ್ಷಣ ಆಚೆ ಎಸೀತಿದ್ದರು. ನಾನು ಎರಡೂ ಕೈ ಹಾಕಿ ಚೆನ್ನಾಗಿ ಕಲಸಿದೆ.

ಮಾತ್ರೆ ಇರೋದರಿಂದ ಅತ್ತೆ ಊಟ ಏಳು ಗಂಟೆಗೇ. ಇವರೂ ಮಗಳೂ ಇನ್ನೂ ಬಂದಿರಲಿಲ್ಲ. ನಾಲ್ಕು ಉಂಡೆ ಬಡಿಸಿದೆ. ನಾಲ್ಕೂ ತಿಂದರು. ಏಳೂಕಾಲಿಗೆ ಮಗಳು ಓಟದ ಪ್ರಾಕ್ಟೀಸ್ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು. ಅಮ್ಮಾ, ಮನೇಲಿ ಇಲಿ ಗಿಲಿ ಸತ್ತಿದೆಯಾ ಅಂದಳು. ಟ್ರೇ ಹತ್ರ ಬಂದು ಮೂಗು ಮುಚ್ಚಿಕೊಂಡಳು. ಆಮೇಲೆ ಅಜ್ಜಿ ತಟ್ಟೆ ನೋಡಿದಳು.

ಒಂದು ಗಂಟೆಯೊಳಗೆ ವಾಂತಿ ಶುರು. ಈಗ ಡ್ರಿಪ್ ಹಾಕಿದ್ದಾರೆ. ನೀರಿನ ಅಂಶ ಪೂರ್ತಿ ಹೋಗಿದೆ, ವಯಸ್ಸಾಗಿದೆ, ಇವತ್ತೊಂದು ದಿನ ಕಳೀಲಿ ಅಂತ ನರ್ಸ್. ಇವರು ಕಿಟಕಿ ಹತ್ರ ಬೆನ್ನು ಹಾಕಿ ನಿಂತಿದ್ದಾರೆ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿದರು, ನಿನಗೆ ಗೊತ್ತಾಗಲಿಲ್ವಾ ಅಂತ.

ಹೇಳಿದೆ. ಎಲ್ಲಾ ಹೇಳಿದೆ. ಅವರು ತಿರುಗಲಿಲ್ಲ.

ಫೆಬ್ರವರಿ 20, ಗುರುವಾರ. ಸಂಜೆ 5.40

ಕಂಟಕ ಕಳೀತು. ಡ್ರಿಪ್ ತೆಗೆದರು. ಅತ್ತೆ ಮುಖಕ್ಕೆ ಸ್ವಲ್ಪ ಕಳೆ ಬಂದಿದೆ. ಇವರು ಬಿಲ್ಲಿಂಗ್ ಕೌಂಟರ್‌ಗೆ ಹೋದಾಗ ಮಂಚದ ಪಕ್ಕ ಕೂತೆ. ಏನು ಹೇಳಬೇಕು ಅಂತ ದಾರಿ ಉದ್ದಕ್ಕೂ ಉರು ಹೊಡೆದಿದ್ದೆ. ಬಂದಿದ್ದು ಇಷ್ಟೇ.

"ಅತ್ತೆ, ನನಗೆ ಒಂದು ತಿಂಗಳಿಂದ ವಾಸನೆ ಬರ್ತಿಲ್ಲ. ಖೀಮಾ ಕೆಟ್ಟಿದೆ ಅಂತ ಗೊತ್ತಾಗಲಿಲ್ಲ."

ಹೊದಿಕೆ ಎದೆವರೆಗೂ ಎಳೆದುಕೊಂಡರು.

"ನನಗೆ ಗೊತ್ತಾಯ್ತು," ಅಂದರು. "ಬಾಯಿ ಹತ್ರ ತಂದಾಗಲೇ ಬಂತು ವಾಸನೆ."

"ಮತ್ತೆ ಯಾಕೆ ತಿಂದ್ರಿ?"

"ಹೆಸರಿಡಬೇಡಿ ಅಂದಿದ್ದೆಯಲ್ಲಮ್ಮ."

ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಹೇಳ್ತಾರಲ್ಲ, ಹಾಗೆ ಹೇಳಿದರು. ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಸಿಟ್ಟು ಯಾರ ಮೇಲೆ ಅಂತಾನೇ ತಿಳೀಲಿಲ್ಲ. ಅವರ ಮೇಲೂ ಇತ್ತು. ಕೊಳೆತದ್ದು ಅಂತ ಗೊತ್ತಿದ್ದೂ ಸೊಸೆ ಮುಖ ನೋಡಿ ನಾಲ್ಕು ನುಂಗೋದಾ? ಒಂದು ಸಾಲದಾ?

ಫೆಬ್ರವರಿ 24, ಸೋಮವಾರ. ಸಂಜೆ 6.20

ಸೂಪರ್‌ವೈಸರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೇಳಿದೆ. ಒಂದು ತಿಂಗಳ ಸಹಿಗಳಲ್ಲಿ ನಾನು ನಿಜವಾಗಿ ಮೂಸಿದ್ದು ಒಂದೂ ಇಲ್ಲ ಅಂತ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಮೊದಲೇ ಹೇಳಿದ್ದರೆ ರಜ ಕೊಡ್ತಿದ್ದೆ ಅಂದರು. ಈಗ ಏನು ಬರೀಲಿ ಅಂದರು.

ನಾನು ಸಹಿ ಹಾಕಿದ ಬ್ಯಾಚೆಲ್ಲಾ ಕನ್ನಡಕದ ಮೇಡಂ ಮತ್ತೆ ಮೂಸಿದರು. ಎರಡು ವಾಪಸ್. ಮೇಡಂ ನನ್ನ ಟೇಬಲ್ ಮೇಲಿದ್ದ ಪಟ್ಟಿಗಳ ಕಟ್ಟು ತಮ್ಮ ಕಡೆ ಎಳೆದುಕೊಂಡರು.

ನಾಳೆಯಿಂದ ಲೇಬಲ್ ವಿಭಾಗ. ಸೊಟ್ಟ ಅಂಟಿಸಿದ್ದನ್ನ ಆರಿಸೋದು. ಎಚ್ಚರಿಕೆ ಪತ್ರ ಬೇರೆ. ಕೆಲಸ ಅಂತೂ ಉಳೀತು. ಇವರಿಗೆ ಹೇಳಿದೆ, ಹೂಂ ಅಂದರು. ಆಸ್ಪತ್ರೆ ಆದಮೇಲೆ ನನ್ನ ಕಡೆ ಬಂದ ಮೊದಲ ಹೂಂ.

ಮಾರ್ಚ್ 4, ಮಂಗಳವಾರ. ಸಂಜೆ 7.30

ಮೂಗು ಹಾಗೇ ಇದೆ. ಖೀಮಾ ಇವತ್ತೇ ತಂದಿದ್ದು. ಮಗಳು ಮೂಸಿ, ಬೆರಳೆತ್ತಿ ಸರಿ ಅಂದಮೇಲೇ ಕಲಸಿದೆ. ಇವರು ಈರುಳ್ಳಿ ತುರಿದುಕೊಟ್ಟರು, ಕೇಳದೇ. ಅರ್ಧ ನೆಲಕ್ಕೆ.

ಅತ್ತೆ ಮುಂದೆ ತಟ್ಟೆ ಇಟ್ಟು ಎದುರಿಗೇ ಕೂತೆ. ಒಂದು ತಿಂದರು. ಚೆನ್ನಾಗಿದೆ ಅಂದರು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ನಿಜ ಹೇಳಿ."

ನನ್ನನ್ನೇ ನೋಡಿದರು. ಅಳೆದು ತೂಗಿ ನೋಡಿದರು. ಆಮೇಲೆ ಚಮಚ ಕೆಳಗಿಟ್ಟರು.

"ಒಣಕಲು. ಹತ್ತಿ ಅಗಿದ ಹಾಗಿದೆ. ಮೆಣಸು ಇದೆಯೋ ಇಲ್ವೋ ಗೊತ್ತಿಲ್ಲ. ಇವತ್ತಲ್ಲ, ಯಾವತ್ತೂ ಹೀಗೇ."

ಇವರು ಕೆಮ್ಮಿದರು. ಅತ್ತೆ ನಿಲ್ಲಿಸಲಿಲ್ಲ. ನನ್ನ ಕಾಫಿ ಹದಿನೇಳು ವರ್ಷದಿಂದ ಆರಿದ ಕಾಫಿಯಂತೆ. ಹಾಲ್‌ನ ಪರದೆ ಬಣ್ಣ ನೋಡಿದರೆ ಅವರಿಗೆ ತಲೆನೋವಂತೆ. ಫೋನಲ್ಲಿ ಮಾತಾಡಿದರೆ ಪಕ್ಕದ ಬೀದಿಗೆ ಕೇಳುತ್ತಂತೆ. ಸ್ನಾನಕ್ಕೆ ಫ್ಯಾಕ್ಟರಿಯ ರಿಜೆಕ್ಟ್ ಸೋಪೇ ತರ್ತೀನಂತೆ, ಒಂದು ಸಲ ಆದರೂ ಬೇರೆ ತಂದಿದ್ದೀನಾ ಅಂತೆ. ಮಗಳು ನಕ್ಕು ನಕ್ಕು ಟೇಬಲ್ ಮೇಲೆ ತಲೆ ಇಟ್ಟಳು. ನನಗೆ ಮೈ ಉರೀತು, ನಿಜ. ಪರದೆ ಆರಿಸಿದ್ದು ಅವರ ಮಗನೇ. ಆದರೂ ಬಾಯಿ ಮುಚ್ಚಿಕೊಂಡು ಕೂತೆ. ಹೇಳಿ ಅತ್ತೆ, ಇನ್ನೂ ಇದ್ದರೆ ಹೇಳಿ ಅಂದೆ.

ತಪ್ಪಾಯ್ತು ಹಾಗೆ ಅಂದಿದ್ದು. ಈಗ ರೂಮಿಂದ ಕೂಗ್ತಿದ್ದಾರೆ, ಇನ್ನೊಂದು ನೆನಪಾಯ್ತಂತೆ, ಮದುವೆಯಾದ ವರ್ಷದ್ದು, ನಾನು ಅವರ ಸೀರೆನ... ಬಂದೆ ಅತ್ತೆ, ಬಂದೆ.